ಮೆದುಳಿನ ಗಡ್ಡೆ: ಚಿಕಿತ್ಸೆಯ ನಂತರದ ಸ್ಕ್ಯಾನನ್ನು ಅರಿಯುವ ಬಗೆ

ಮೆದುಳಿನಲ್ಲಿ ಗಡ್ಡೆಯಿದೆ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಒಂದು ಮನೆಯ ನಡೆಯೇ ಬದಲಾಗುತ್ತದೆ. ಹೊಲದ ಕೆಲಸ, ಮಕ್ಕಳ ಓದು, ಮದುವೆಯ ಮಾತುಕತೆ ಎಲ್ಲವೂ ಹಿಂದೆ ಸರಿದು ಆಸ್ಪತ್ರೆಯೊಂದೇ ಮುಂದೆ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆ ಮುಗಿದು, ವಿಕಿರಣ ಚಿಕಿತ್ಸೆಯ ವಾರಗಳೂ ಕಳೆದು ರೋಗಿ ಮನೆಗೆ ಮರಳಿದಾಗ ಕಷ್ಟಕಾಲ ಕಳೆಯಿತೆಂದು ಮನೆಯವರ ಮನಸ್ಸು ಹಗುರಾಗುತ್ತದೆ. ಆದರೆ ಮೆದುಳಿನ ಗಡ್ಡೆಯ ವಿಷಯದಲ್ಲಿ ಇನ್ನೊಂದು ದೀರ್ಘ ಅಧ್ಯಾಯ ಆರಂಭವಾಗುವುದು ಆಗಲೇ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಹಿಂದಿನ ಚಿತ್ರದೊಡನೆ ಹೋಲಿಸಿ, ಗಡ್ಡೆ ಸುಮ್ಮನಿದೆಯೋ ಮತ್ತೆ ತಲೆಯೆತ್ತುತ್ತಿದೆಯೋ ಎಂದು ನೋಡುತ್ತಲೇ ಇರಬೇಕಾದ ಅಧ್ಯಾಯವದು.

ಈ ಅವಧಿಯಲ್ಲಿ ಕುಟುಂಬಗಳನ್ನು ಹೆಚ್ಚು ಕಂಗೆಡಿಸುವುದು ವರದಿಯಲ್ಲಿನ ಒಂದೇ ಒಂದು ಸಾಲು: ‘ಹಿಂದಿನ ಸ್ಕ್ಯಾನ್‌ಗೆ ಹೋಲಿಸಿದರೆ ಗಾತ್ರ ಹೆಚ್ಚಾಗಿದೆ.’ ಆ ಸಾಲನ್ನು ಓದಿದೊಡನೆ ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಔಷಧ ನಿಲ್ಲಿಸುವವರಿದ್ದಾರೆ. ಯಾರೋ ಹೇಳಿದ ಬೇರು, ಪುಡಿಗಳ ಬೆನ್ನು ಹತ್ತುವವರಿದ್ದಾರೆ. ಆದರೆ ಬೆಳೆದಂತೆ ಕಂಡದ್ದೆಲ್ಲ ಬೆಳವಣಿಗೆಯಲ್ಲ. ಕುಗ್ಗಿದಂತೆ ಕಂಡದ್ದೆಲ್ಲ ಗುಣವೂ ಅಲ್ಲ. ಈ ವ್ಯತ್ಯಾಸವನ್ನು ವೈದ್ಯರು ಯಾವ ಸಾಧನಗಳಿಂದ ಕಂಡುಕೊಳ್ಳುತ್ತಾರೆ, ಅದರಲ್ಲಿ ಮನೆಯವರು ಹೇಗೆ ನೆರವಾಗಬಹುದು ಎಂಬುದನ್ನು ಸದ್ಭಕ್ತರಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ತಲೆಬುರುಡೆಯೊಳಗೆ ಇಣುಕಿದ ಬಗೆ

ಮೆದುಳು ಗಟ್ಟಿಯಾದ ಎಲುಬಿನ ಕೋಶದೊಳಗಿದೆ. 1895ರಲ್ಲಿ ಎಕ್ಸ್-ರೇ ಕಿರಣಗಳ ಶೋಧವಾದ ಮೇಲೆ ಮುರಿದ ಎಲುಬು ಕಂಡಿತೇ ಹೊರತು ಮೃದುವಾದ ಮೆದುಳು ಕಾಣಲಿಲ್ಲ. 1918ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಮೆದುಳಿನೊಳಗಿನ ದ್ರವದ ಕುಹರಗಳಿಗೆ ಗಾಳಿಯನ್ನು ತುಂಬಿ ಎಕ್ಸ್-ರೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಮೆದುಳಿನ ರಕ್ತನಾಳಗಳಿಗೆ ದ್ರಾವಣವನ್ನು ಹರಿಸಿ ಅವುಗಳ ಚಿತ್ರ ಪಡೆದರು. ಈ ಎರಡೂ ವಿಧಾನಗಳಲ್ಲಿ ಗಡ್ಡೆ ನೇರವಾಗಿ ಕಾಣುತ್ತಿರಲಿಲ್ಲ. ಕುಹರವೋ ರಕ್ತನಾಳವೋ ತನ್ನ ಸ್ಥಾನದಿಂದ ಪಕ್ಕಕ್ಕೆ ಸರಿದಿದ್ದರೆ, ಅದನ್ನು ತಳ್ಳಿರುವ ವಸ್ತು ಇಂಥ ಕಡೆ ಇರಬೇಕೆಂದು ಊಹಿಸಬೇಕಿತ್ತು. ರೋಗಿ ಅನುಭವಿಸುತ್ತಿದ್ದ ನೋವೂ ಅಪಾಯವೂ ಅಪಾರವಾಗಿದ್ದವು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಈ ಸ್ಥಿತಿ ಬದಲಾಯಿತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಅಂದು ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಲಾಯಿತು. ಮೆದುಳಿನಲ್ಲಿ ಗಡ್ಡೆಯಿರಬಹುದೆಂದು ಶಂಕಿಸಲಾಗಿದ್ದ ಮಹಿಳೆ ಆಕೆ. ಚಿತ್ರದಲ್ಲಿ ಗಡ್ಡೆ ಕಂಡಿತು. ಇಡೀ ಲೋಕಕ್ಕೆ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನಿನ ಮೊದಲ ರೋಗಿಯೇ ಮೆದುಳಿನ ಗಡ್ಡೆಯ ರೋಗಿ ಎಂಬುದು ನೆನಪಿಡತಕ್ಕ ಸಂಗತಿ. ಈ ಶೋಧಕ್ಕಾಗಿ ಹೌನ್ಸ್‌ಫೀಲ್ಡ್ ಅವರು ಅಲನ್ ಕಾರ್ಮಾಕ್ ಅವರೊಡನೆ 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅದಾದ ಮೇಲೆ ಬಂದದ್ದು ಎಂ.ಆರ್.ಐ. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ನಮ್ಮ ದೇಹದ ಬಹುಪಾಲು ನೀರು, ನೀರಿನಲ್ಲಿ ಜಲಜನಕವಿದೆ. ಪ್ರಬಲವಾದ ಅಯಸ್ಕಾಂತದೊಳಗೆ ದೇಹವನ್ನಿರಿಸಿ ರೇಡಿಯೋ ತರಂಗಗಳನ್ನು ಹಾಯಿಸಿದರೆ ಜಲಜನಕದ ಬೀಜಕಣಗಳು ಸಣ್ಣ ಸಂಕೇತಗಳನ್ನು ಹಿಂದಿರುಗಿಸುತ್ತವೆ. ಆ ಸಂಕೇತಗಳಿಂದ ಗಣಕಯಂತ್ರ ಚಿತ್ರವನ್ನು ಕಟ್ಟುತ್ತದೆ. ಇದಕ್ಕೆ ತಳಹದಿ ಹಾಕಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮೆದುಳಿನ ಗಡ್ಡೆಯನ್ನು ಕಾಲಕಾಲಕ್ಕೆ ಗಮನಿಸಲು ಇಂದು ಜಗತ್ತಿನೆಲ್ಲೆಡೆ ಮುಖ್ಯವಾಗಿ ಬಳಸುವುದು ಎಂ.ಆರ್.ಐ.ಯನ್ನೇ.

ಬಿಳಿಯಾಗಿ ಕಾಣುವುದು ಏನು?

ಸ್ಕ್ಯಾನ್ ನಡುವೆ ರೋಗಿಯ ರಕ್ತನಾಳಕ್ಕೆ ಒಂದು ಚುಚ್ಚುಮದ್ದು ಕೊಡುವುದನ್ನು ಹಲವರು ನೋಡಿರಬಹುದು. ಇದಕ್ಕೆ ಕಾಂಟ್ರಾಸ್ಟ್ ಎನ್ನುತ್ತಾರೆ. ಎಂ.ಆರ್.ಐ.ಯಲ್ಲಿ ಬಳಸುವ ಕಾಂಟ್ರಾಸ್ಟ್‌ನಲ್ಲಿ ಗ್ಯಾಡೊಲಿನಿಯಂ ಎಂಬ ಧಾತು ಇರುತ್ತದೆ. ಅದು ತಲುಪಿದ ಭಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಆರೋಗ್ಯವಂತ ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿಯಾದುದು. ರಕ್ತದಲ್ಲಿರುವ ಎಲ್ಲವನ್ನೂ ಅದು ಮೆದುಳಿನೊಳಗೆ ಬಿಟ್ಟುಕೊಡುವುದಿಲ್ಲ. ಗ್ಯಾಡೊಲಿನಿಯಂ ಕೂಡ ಹೊರಗೇ ಉಳಿಯುತ್ತದೆ. ಗಡ್ಡೆ ಅವಸರದಲ್ಲಿ ಕಟ್ಟಿಕೊಂಡ ರಕ್ತನಾಳಗಳ ಗೋಡೆ ಹಾಗಲ್ಲ, ಅದು ಸೋರುತ್ತದೆ. ಸೋರಿದಲ್ಲಿ ಬಿಳುಪು ಕಾಣುತ್ತದೆ. ಹೀಗೆ ಆ ಬಿಳುಪು ತೋರಿಸುವುದು ಸೋರಿಕೆಯನ್ನೇ ಹೊರತು ಗಡ್ಡೆಯ ಜೀವಕೋಶಗಳನ್ನಲ್ಲ. ಈ ಲೇಖನದ ಮುಂದಿನ ಮಾತುಗಳೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಕೆರೆಯ ಏರಿಯ ಕೆಳಗೆ ನೆಲ ಒದ್ದೆಯಾಗಿದ್ದರೆ ಏರಿ ಸೋರುತ್ತಿದೆ ಎಂದಷ್ಟೇ ತಿಳಿಯುತ್ತದೆ. ಏಡಿಯ ಬಿಲದಿಂದ ಸೋರುತ್ತಿದೆಯೋ, ಹಳೆಯ ಬಿರುಕಿನಿಂದಲೋ, ತೂಬಿನ ಪಕ್ಕದಿಂದಲೋ ಎಂಬುದನ್ನು ಒದ್ದೆಯಾದ ನೆಲ ಹೇಳಲಾರದು. ಮೆದುಳಿನಲ್ಲಿಯೂ ಹಾಗೆಯೇ. ಗಡ್ಡೆ ಬೆಳೆದರೆ ರಕ್ತನಾಳ ಸೋರುತ್ತದೆ. ವಿಕಿರಣದ ಬಿಸುಪು ತಾಗಿದರೂ ಸೋರುತ್ತದೆ. ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗಲೂ ಸೋರುತ್ತದೆ. ಆದುದರಿಂದಲೇ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎಂ.ಆರ್.ಐ.ಯನ್ನು 24ರಿಂದ 48 ಗಂಟೆಗಳೊಳಗೆ, ತಡವೆಂದರೆ 72 ಗಂಟೆಗಳೊಳಗೆ ಮಾಡಿಸಲು ವೈದ್ಯರು ಯತ್ನಿಸುತ್ತಾರೆ. ಗಾಯದ ಬಿಳುಪು ಮೂಡುವ ಮುನ್ನವೇ ಗಡ್ಡೆ ಎಷ್ಟು ಉಳಿದಿದೆ ಎಂದು ಕಾಣಬೇಕಲ್ಲವೇ?

ಎಲ್ಲ ಗಡ್ಡೆಗೂ ಒಂದೇ ಲೆಕ್ಕವಿಲ್ಲ

ಮೆದುಳಿನ ಗಡ್ಡೆಗಳಲ್ಲಿ ಹಲವು ಬಗೆಗಳಿವೆ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಹೆಚ್ಚಿನವರಲ್ಲಿ ಕ್ಯಾನ್ಸರ್ ಅಲ್ಲ. ಸಣ್ಣದಿದ್ದು ತೊಂದರೆ ಕೊಡದಿದ್ದರೆ ಅದನ್ನು ಮುಟ್ಟದೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ನೋಡುತ್ತಿರುವುದೂ ಉಂಟು. ಮೆದುಳಿನ ಆಧಾರಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ ಗ್ಲಿಯೋಮಾ ಎಂದು ಹೆಸರು. ಅವುಗಳಲ್ಲಿ ಕೆಳದರ್ಜೆಯವು ನಿಧಾನವಾಗಿ, ಸರಾಸರಿ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಷ್ಟು ಅಗಲವಾಗುತ್ತ ಹೋಗುತ್ತವೆ. ಅವು ಹೆಚ್ಚಾಗಿ ಕಾಂಟ್ರಾಸ್ಟ್‌ನ ಬಿಳುಪನ್ನು ತೋರುವುದಿಲ್ಲ. ಫ್ಲೇರ್ ಎಂಬ ಬೇರೊಂದು ಬಗೆಯ ಚಿತ್ರದಲ್ಲಿ ಅವನ್ನು ಗಮನಿಸಬೇಕು. ಮೂರು ತಿಂಗಳ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟರೆ ಇವುಗಳ ಬೆಳವಣಿಗೆ ಕಣ್ಣಿಗೇ ಬೀಳದೆ ಹೋಗಬಹುದು. ಎರಡು ಮೂರು ವರ್ಷಗಳ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟಾಗ ಮಾತ್ರ ಸ್ಪಷ್ಟವಾಗುತ್ತದೆ.

ಇವೆಲ್ಲಕ್ಕಿಂತ ಉಗ್ರವಾದುದು ಗ್ಲಿಯೋಬ್ಲಾಸ್ಟೋಮಾ. 2005ರಲ್ಲಿ ಪ್ರಕಟವಾದ ಒಂದು ಮಹತ್ವದ ಅಧ್ಯಯನದ ನಂತರ ಇದಕ್ಕೆ ಶಸ್ತ್ರಚಿಕಿತ್ಸೆ, ಸಾಮಾನ್ಯವಾಗಿ ಆರು ವಾರಗಳಲ್ಲಿ 30 ಬಾರಿ ವಿಕಿರಣ, ಜೊತೆಯಲ್ಲಿ ಟೆಮೊಜೊಲೊಮೈಡ್ ಮಾತ್ರೆ ಎಂಬ ಕ್ರಮ ರೂಢಿಗೆ ಬಂದಿದೆ. ಇಂಥ ರೋಗಿಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕಾಗುತ್ತದೆ. ಒಬ್ಬರಿಗೆ ವರ್ಷಕ್ಕೊಂದು ಸ್ಕ್ಯಾನ್ ಸಾಕೆಂದಿರುವಾಗ ಇನ್ನೊಬ್ಬರಿಗೆ ಎರಡು ತಿಂಗಳಿಗೊಮ್ಮೆ ಬರಹೇಳುವುದು ಈ ಕಾರಣಕ್ಕೆ. ನೆರೆಮನೆಯವರ ರೋಗದೊಡನೆ ನಮ್ಮ ಮನೆಯ ರೋಗವನ್ನು ಹೋಲಿಸಿ ಅಂಜುವುದೂ ತಪ್ಪು, ಉದಾಸೀನ ಮಾಡುವುದೂ ತಪ್ಪು.

ಬೆಳೆದಂತೆ ಕಂಡರೂ ಬೆಳೆಯದಿರುವ ಗಡ್ಡೆ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಐವತ್ತು ವರ್ಷದ ರೈತರೊಬ್ಬರು ಗ್ಲಿಯೋಬ್ಲಾಸ್ಟೋಮಾಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ವಿಕಿರಣ ಮತ್ತು ಮಾತ್ರೆಗಳ ಆರು ವಾರಗಳನ್ನು ಮುಗಿಸಿದ್ದಾರೆ. ಒಂದು ತಿಂಗಳ ನಂತರದ ಸ್ಕ್ಯಾನಿನಲ್ಲಿ ಬಿಳುಪಿನ ಭಾಗ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಅವರು ಎಂದಿನಂತೆ ನಡೆದಾಡುತ್ತಿದ್ದಾರೆ, ಮಾತು ಸರಿಯಿದೆ, ತಲೆನೋವು ಹೆಚ್ಚಿಲ್ಲ. ಗಡ್ಡೆ ಮರಳಿತೇ?

ಮರಳಿರಲೂಬಹುದು, ಮರಳದೆ ಇರಲೂಬಹುದು. ವಿಕಿರಣ ಮತ್ತು ಔಷಧ ಎರಡೂ ಒಟ್ಟಾಗಿ ಗಡ್ಡೆಯ ಕೋಶಗಳನ್ನು ಕೊಲ್ಲುವಾಗ ಆ ಜಾಗದಲ್ಲಿ ಉರಿಯೂತ ಉಂಟಾಗುತ್ತದೆ, ಬಾವು ಬರುತ್ತದೆ, ರಕ್ತನಾಳಗಳು ಇನ್ನಷ್ಟು ಸೋರುತ್ತವೆ. ಚಿತ್ರದಲ್ಲಿ ಇದೆಲ್ಲ ಗಡ್ಡೆ ಬೆಳೆದಂತೆಯೇ ಕಾಣುತ್ತದೆ. ಇದನ್ನು ತಜ್ಞರು ಹುಸಿ ಬೆಳವಣಿಗೆ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಬೇರೆ ಚಿಕಿತ್ಸೆಯೇ ಇಲ್ಲದೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಸರಿಸುಮಾರಾಗಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಇಂಥ ರೋಗಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಔಷಧಕ್ಕೆ ಚೆನ್ನಾಗಿ ಬಗ್ಗುವ ಗುಣವುಳ್ಳ ಗಡ್ಡೆಗಳಲ್ಲಿ ಇದು ಇನ್ನೂ ಹೆಚ್ಚು. ಅಂದರೆ ಕೆಲವರಲ್ಲಿ ಚಿಕಿತ್ಸೆ ಫಲಿಸುತ್ತಿರುವುದೇ ಚಿತ್ರದಲ್ಲಿ ಸೋಲಿನಂತೆ ಕಾಣುತ್ತದೆ. ಆ ಗಳಿಗೆಯಲ್ಲಿ ಮನೆಯವರು ಮಾತ್ರೆ ನಿಲ್ಲಿಸಿದರೆ ಫಲಿಸುತ್ತಿದ್ದ ಚಿಕಿತ್ಸೆಯನ್ನೇ ಕೈಬಿಟ್ಟಂತಾಗುತ್ತದೆ.

ಈ ಕಾರಣಕ್ಕಾಗಿ 2010ರಲ್ಲಿ ಅಂತರರಾಷ್ಟ್ರೀಯ ತಜ್ಞರ ‘ರಾನೋ’ ಗುಂಪು ಹೊಸ ಮಾನದಂಡವನ್ನು ಪ್ರಕಟಿಸಿತು. ವಿಕಿರಣ ಮುಗಿದ ಮೊದಲ 12 ವಾರಗಳಲ್ಲಿ ಬಿಳುಪು ಹೆಚ್ಚಿತೆಂಬುದೊಂದನ್ನೇ ಹಿಡಿದು ರೋಗ ಬೆಳೆದಿದೆ ಎಂದು ತೀರ್ಮಾನಿಸಬಾರದು. ವಿಕಿರಣ ಬಿದ್ದ ವಲಯದ ಆಚೆ ಹೊಸ ಬಿಳುಪು ಮೂಡಿರಬೇಕು, ಇಲ್ಲವೇ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿ ಖಚಿತಪಡಿಸಿರಬೇಕು ಎಂಬುದು ಅದರ ಸಾರ.

ಇದರಂತೆಯೇ ಇನ್ನೊಂದು ಸ್ಥಿತಿ ವಿಕಿರಣದ ಹಲವು ತಿಂಗಳು, ಕೆಲವೊಮ್ಮೆ ವರ್ಷಗಳ ನಂತರ ಬರುತ್ತದೆ. ವಿಕಿರಣ ತಾಗಿದ ಮೆದುಳಿನ ಭಾಗ ಸತ್ತು, ಸುತ್ತಲೂ ಬಾವು ಬಂದು, ಮರಳಿ ಬಂದ ಗಡ್ಡೆಯನ್ನೇ ಹೋಲುತ್ತದೆ. ಇದು ಹುಸಿ ಬೆಳವಣಿಗೆಯಂತೆ ಎಲ್ಲರಲ್ಲೂ ತಾನಾಗಿ ಇಳಿಯುವಂಥದಲ್ಲ. ಕೆಲವರಿಗೆ ಔಷಧವೋ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ. ಆದರೆ ಅದಕ್ಕೆ ಕೊಡುವ ಚಿಕಿತ್ಸೆ ಬೇರೆ, ಮರಳಿದ ಗಡ್ಡೆಗೆ ಕೊಡುವ ಚಿಕಿತ್ಸೆ ಬೇರೆ.

ಕುಗ್ಗಿದಂತೆ ಕಂಡರೂ ಕುಗ್ಗದಿರುವ ಗಡ್ಡೆ

ಇದಕ್ಕೆ ವಿರುದ್ಧವಾದುದೂ ಉಂಟು. ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾಕ್ಕೆ ಬಳಸುವ ಬೆವಾಸಿಜುಮ್ಯಾಬ್ ಎಂಬ ಔಷಧ ರಕ್ತನಾಳಗಳ ಸೋರಿಕೆಯನ್ನು ಬೇಗನೆ ತಡೆಯುತ್ತದೆ. ಸೋರಿಕೆ ನಿಂತರೆ ಬಿಳುಪೂ ಮಾಯವಾಗುತ್ತದೆ. ಗಡ್ಡೆ ಕರಗಿತೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಅದೇ ವೇಳೆ ಬಿಳುಪಿಲ್ಲದ ಭಾಗದಲ್ಲಿ ಗಡ್ಡೆಯ ಕೋಶಗಳು ಮೆಲ್ಲಗೆ ಹರಡುತ್ತಿರಬಹುದು. ಬಾವು ಇಳಿದು ರೋಗಿಗೆ ನೆಮ್ಮದಿ ಸಿಗುವುದು ನಿಜ, ಅದು ಸಣ್ಣ ಲಾಭವೂ ಅಲ್ಲ. ಆದರೂ ಫ್ಲೇರ್ ಚಿತ್ರವನ್ನು ನೋಡದೆ ಕೇವಲ ಬಿಳುಪನ್ನು ಅಳೆದರೆ ಮೋಸ ಹೋಗುವ ಸಂಭವವಿದೆ.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆಯ ಪರಿಣಾಮವೂ ಇಂಥದೇ. ಅದು ಬಾವನ್ನೂ ಸೋರಿಕೆಯನ್ನೂ ತಗ್ಗಿಸುತ್ತದೆ. ಪ್ರಮಾಣ ಹೆಚ್ಚಿಸಿದಾಗ ಚಿತ್ರ ಸುಧಾರಿಸಿದಂತೆಯೂ, ಇಳಿಸಿದಾಗ ಕೆಟ್ಟಂತೆಯೂ ಕಾಣಬಹುದು. ಆದುದರಿಂದ 2010ರ ಮಾನದಂಡದಲ್ಲಿ ಗಡ್ಡೆಯ ಅಳತೆಯೊಂದೇ ಇಲ್ಲ. ರೋಗಿ ಸ್ಕ್ಯಾನಿನ ದಿನ ಎಷ್ಟು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರು, ಅವರ ನಡೆನುಡಿ ಹೇಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆ. ರೋಗಿಯನ್ನು ಬಿಟ್ಟು ಚಿತ್ರವನ್ನಷ್ಟೇ ಓದಿದರೆ ಓದು ಅಪೂರ್ಣವಾಗುತ್ತದೆ.

ಮುಂದುವರಿದ ಚಿತ್ರಣ ವಿಧಾನಗಳು

ಸೋರಿಕೆಯನ್ನು ಮಾತ್ರ ತೋರಿಸುವ ಚಿತ್ರ ಸಾಲದಾದಾಗ ವೈದ್ಯರು ಬೇರೆ ಪ್ರಶ್ನೆಗಳನ್ನು ಕೇಳಬಲ್ಲ ವಿಧಾನಗಳ ಮೊರೆ ಹೋಗುತ್ತಾರೆ.

ಮೊದಲನೆಯದು ರಕ್ತದ ಹರಿವನ್ನು ಅಳೆಯುವ ಪರ್ಫ್ಯೂಷನ್ ಎಂ.ಆರ್.ಐ. ಬೆಳೆಯುವ ಗಡ್ಡೆಗೆ ಆಹಾರ ಬೇಕು, ಅದಕ್ಕಾಗಿ ಅದು ಹೊಸ ರಕ್ತನಾಳಗಳನ್ನು ಕಟ್ಟಿಕೊಳ್ಳುತ್ತದೆ. ವಿಕಿರಣದಿಂದ ಸತ್ತ ಭಾಗದಲ್ಲಿ ರಕ್ತನಾಳಗಳು ನಾಶವಾಗಿರುತ್ತವೆ. ಎರಡೂ ಬೆಳ್ಳಗೆ ಕಂಡರೂ ಅವುಗಳಲ್ಲಿರುವ ರಕ್ತದ ಪ್ರಮಾಣ ಬೇರೆ. ಕಾಂಟ್ರಾಸ್ಟ್ ಮೆದುಳನ್ನು ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ಒಂದರ ಹಿಂದೊಂದು ಚಿತ್ರ ತೆಗೆದು ಈ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಹೆಚ್ಚು ರಕ್ತವಿದ್ದರೆ ಗಡ್ಡೆಯ ಶಂಕೆ ಬಲವಾಗುತ್ತದೆ, ಕಡಿಮೆಯಿದ್ದರೆ ವಿಕಿರಣದ ಪರಿಣಾಮವೆಂಬ ಊಹೆ ಬಲವಾಗುತ್ತದೆ. ಕಾಂಟ್ರಾಸ್ಟ್ ಇಲ್ಲದೆಯೇ, ಹರಿಯುವ ರಕ್ತದ ನೀರಿಗೇ ಗುರುತು ಹಾಕಿ ಅಳೆಯುವ ವಿಧಾನವೂ ಇದೆ. ಹರಿಯುವ ದ್ರವವನ್ನು ಕಾಂತ ಅನುರಣನದಿಂದ ಗುರುತಿಸಬಹುದೆಂಬುದರ ಆರಂಭದ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬಹುದು. ಎಂ.ಆರ್.ಐ. ಯಂತ್ರ ಇನ್ನೂ ಹುಟ್ಟದಿದ್ದ 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸಂಕೇತ ಬದಲಾಗುವುದನ್ನು ತೋರಿಸಿ ಪ್ರಕಟಿಸಿದ್ದರು.

ಎರಡನೆಯದು ಡಿಫ್ಯೂಷನ್ ಎಂ.ಆರ್.ಐ. ಇದು ಅಂಗಾಂಶದಲ್ಲಿರುವ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದನ್ನು ಅಳೆಯುತ್ತದೆ. ಗಡ್ಡೆಯ ಕೋಶಗಳು ಒತ್ತೊತ್ತಾಗಿ ತುಂಬಿದ್ದಲ್ಲಿ ನೀರಿಗೆ ಓಡಾಟ ಕಷ್ಟ. ಕೋಶಗಳು ಸತ್ತು ಜಾಗ ತೆರವಾದಲ್ಲಿ ಓಡಾಟ ಸರಾಗ. ಶಸ್ತ್ರಚಿಕಿತ್ಸೆಯ ಅಂಚಿನಲ್ಲಿ ರಕ್ತಪೂರೈಕೆ ತಪ್ಪಿದ ಸಣ್ಣ ಭಾಗಗಳನ್ನೂ ಇದು ತಕ್ಷಣ ತೋರಿಸುತ್ತದೆ. ಆ ಭಾಗಗಳೇ ಕೆಲವು ವಾರಗಳ ನಂತರ ಬೆಳ್ಳಗಾಗಿ ಹೊಸ ಗಡ್ಡೆಯೆಂಬ ಭ್ರಮೆ ಹುಟ್ಟಿಸಬಲ್ಲವು. ಮೊದಲ ಚಿತ್ರ ಕೈಯಲ್ಲಿದ್ದರೆ ಆ ಭ್ರಮೆ ನಿವಾರಣೆಯಾಗುತ್ತದೆ.

ಮೂರನೆಯದು ಸ್ಪೆಕ್ಟ್ರೋಸ್ಕೋಪಿ. ಅದೇ ಎಂ.ಆರ್.ಐ. ಯಂತ್ರದಿಂದ ಮೆದುಳಿನ ಒಂದು ಸಣ್ಣ ಭಾಗದ ರಾಸಾಯನಿಕಗಳನ್ನು, ಚರ್ಮಕ್ಕೆ ಗಾಯ ಮಾಡದೆ, ಪರೀಕ್ಷಿಸುವ ಕ್ರಮವಿದು. ಕೋಶಗಳ ಪೊರೆಗಳು ವೇಗವಾಗಿ ಕಟ್ಟಿ ಒಡೆಯುವಾಗ ಕೋಲೀನ್ ಹೆಚ್ಚುತ್ತದೆ. ಆರೋಗ್ಯವಂತ ನರಕೋಶಗಳ ಗುರುತಾದ ಎನ್.ಎ.ಎ. ಎಂಬ ವಸ್ತು ನರಕೋಶಗಳು ನಾಶವಾದಲ್ಲಿ ಕಡಿಮೆಯಾಗುತ್ತದೆ. ಈ ಎರಡರ ಅನುಪಾತ ಗಡ್ಡೆಯತ್ತ ಬೆರಳು ತೋರಬಲ್ಲದು. ಸತ್ತ ಅಂಗಾಂಶದಲ್ಲಿ ಕೊಬ್ಬಿನ ಅಂಶದ ಸಂಕೇತ ಎದ್ದು ಕಾಣುತ್ತದೆ.

ನಾಲ್ಕನೆಯದು ಪೆಟ್ ಸ್ಕ್ಯಾನ್. ದೇಹದ ಇತರ ಕ್ಯಾನ್ಸರ್‌ಗಳಲ್ಲಿ ವಿಕಿರಣಶೀಲ ಗುರುತು ಹಾಕಿದ ಸಕ್ಕರೆಯನ್ನು ಚುಚ್ಚಿ, ಅದನ್ನು ಹೆಚ್ಚು ಹೀರುವ ಜಾಗವನ್ನು ಹುಡುಕುತ್ತಾರೆ. ಮೆದುಳಿಗೆ ಈ ಉಪಾಯ ಅಷ್ಟಾಗಿ ಒದಗದು. ದೇಹದ ತೂಕದ ನೂರಕ್ಕೆ 2 ಪಾಲಿನಷ್ಟಿರುವ ಮೆದುಳು ದೇಹದ ಶಕ್ತಿಯ ಸುಮಾರು 20 ಪಾಲನ್ನು ಬಳಸುತ್ತದೆ. ಅದರ ಮುಖ್ಯ ಆಹಾರವೇ ಸಕ್ಕರೆ. ಇಡೀ ಮೆದುಳೇ ಬೆಳಗುತ್ತಿರುವಾಗ ಗಡ್ಡೆಯನ್ನು ಬೇರ್ಪಡಿಸುವುದೆಂತು? ಅದಕ್ಕಾಗಿ ಸಕ್ಕರೆಯ ಬದಲು ಅಮೈನೋ ಆಮ್ಲಗಳನ್ನು ಬಳಸುತ್ತಾರೆ. ಗಡ್ಡೆಯ ಕೋಶಗಳು ಅವನ್ನು ಹೆಚ್ಚಾಗಿ ಹೀರುತ್ತವೆ, ಸಹಜ ಮೆದುಳು ಕಡಿಮೆ ಹೀರುತ್ತದೆ. ಇವುಗಳಲ್ಲಿ ಮೆಥಿಯೋನಿನ್‌ಗೆ ಹಾಕುವ ವಿಕಿರಣಶೀಲ ಗುರುತು 20 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ ಅದನ್ನು ಆಸ್ಪತ್ರೆಯ ಆವರಣದಲ್ಲೇ ತಯಾರಿಸಬೇಕಾಗುತ್ತದೆ. ಫ್ಲೋರಿನ್‌ನ ಗುರುತು ಹಾಕಿದ ಬಗೆಗಳು ಅರ್ಧಕ್ಕಿಳಿಯಲು ಸುಮಾರು 110 ನಿಮಿಷ ಹಿಡಿಯುವುದರಿಂದ ಬೇರೆಡೆ ತಯಾರಿಸಿ ತರಬಹುದು. 2016ರಲ್ಲಿ ರಾನೋ ಗುಂಪು ಗ್ಲಿಯೋಮಾಗಳ ವಿಷಯದಲ್ಲಿ ಅಮೈನೋ ಆಮ್ಲದ ಪೆಟ್ ಸ್ಕ್ಯಾನಿನ ಬಳಕೆಯನ್ನು ಶಿಫಾರಸು ಮಾಡಿತು. ಆದರೂ ಇದು ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ ದೊರೆಯುವಂಥದು, ಎಲ್ಲರಿಗೂ ಬೇಕಾಗುವಂಥದೂ ಅಲ್ಲ.

ಯಾವ ಯಂತ್ರವೂ ಒಂದೇ ಮಾತಿನಲ್ಲಿ ತೀರ್ಪು ಕೊಡದು

ಇಷ್ಟೆಲ್ಲ ಸಾಧನಗಳಿರುವಾಗ ಸಂಶಯಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಎಡೆಯಿದೆ. ಒಂದೇ ಜಾಗದಲ್ಲಿ ಸತ್ತ ಅಂಗಾಂಶವೂ ಬದುಕಿರುವ ಗಡ್ಡೆಯೂ ಬೆರೆತಿರುವುದು ಸಾಮಾನ್ಯ. ಹಳೆಯ ರಕ್ತದ ಕಲೆಯೋ ಹತ್ತಿರದ ಎಲುಬೋ ಗಾಳಿಯ ಕುಹರವೋ ಇದ್ದರೆ ಪರ್ಫ್ಯೂಷನ್ ಮತ್ತು ಸ್ಪೆಕ್ಟ್ರೋಸ್ಕೋಪಿಗಳ ಅಳತೆ ಕೆಡುತ್ತದೆ. ಒಂದು ಯಂತ್ರದ ಅಂಕಿ ಇನ್ನೊಂದು ಯಂತ್ರದ ಅಂಕಿಗೆ ಸರಿಸಮವಾಗಿ ಹೊಂದದು.

ಆದುದರಿಂದ ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬರೇ ತೀರ್ಮಾನಿಸುವುದಿಲ್ಲ. ನರಶಸ್ತ್ರವೈದ್ಯರು, ವಿಕಿರಣ ಚಿಕಿತ್ಸೆಯ ತಜ್ಞರು, ಔಷಧ ಚಿಕಿತ್ಸೆಯ ತಜ್ಞರು, ಸ್ಕ್ಯಾನ್ ಓದುವ ರೇಡಿಯಾಲಜಿ ತಜ್ಞರು, ಅಂಗಾಂಶ ಪರೀಕ್ಷಕರು ಒಟ್ಟಾಗಿ ಕುಳಿತು ಚಿತ್ರಗಳನ್ನು ಚರ್ಚಿಸುತ್ತಾರೆ. ಆಗಲೂ ನಿಶ್ಚಯವಾಗದಿದ್ದರೆ, ಮತ್ತು ರೋಗಿ ಸ್ಥಿರವಾಗಿದ್ದರೆ, ಸುಮಾರು ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸುತ್ತಾರೆ. ಹುಸಿ ಬೆಳವಣಿಗೆಯಾಗಿದ್ದರೆ ಅದು ನಿಲ್ಲುತ್ತದೆ ಅಥವಾ ಇಳಿಯುತ್ತದೆ, ನಿಜವಾದುದಾಗಿದ್ದರೆ ಮುಂದುವರಿಯುತ್ತದೆ. ಕೆಲವರಿಗೆ ಸೂಜಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ವೈದ್ಯರು ‘ಒಂದು ತಿಂಗಳು ನೋಡೋಣ’ ಎಂದಾಗ ಅವರು ಕೈಚೆಲ್ಲಿದರೆಂದು ತಿಳಿಯಬಾರದು. ಕಾಲವೂ ಇಲ್ಲಿ ಒಂದು ಪರೀಕ್ಷೆಯೇ.

ಮನೆಯವರು ಮಾಡಬೇಕಾದುದು

ಹೋಲಿಕೆಯೇ ಈ ಕಾರ್ಯದ ಜೀವಾಳವಾದುದರಿಂದ ಹಳೆಯ ಚಿತ್ರಗಳು ಔಷಧದಷ್ಟೇ ಮುಖ್ಯ. ವರದಿಯ ಹಾಳೆ ಮಾತ್ರ ಸಾಲದು; ಫಿಲ್ಮ್‌ಗಳನ್ನೂ, ಮುಖ್ಯವಾಗಿ ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದು ದಿನಾಂಕ ಬರೆದು ಜೋಪಾನವಾಗಿಡಬೇಕು. ಶಸ್ತ್ರಚಿಕಿತ್ಸೆಗೆ ಮುನ್ನದ, ಅದರ ಮರುದಿನದ ಮತ್ತು ವಿಕಿರಣ ಮುಗಿದ ಮೇಲಿನ ಮೊದಲ ಸ್ಕ್ಯಾನುಗಳು ಮುಂದಿನ ಎಲ್ಲ ಹೋಲಿಕೆಗಳಿಗೆ ಅಡಿಗಲ್ಲು. ಸಾಧ್ಯವಾದಷ್ಟೂ ಒಂದೇ ಕೇಂದ್ರದಲ್ಲಿ, ಒಂದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸುವುದು ಒಳಿತು. ಊರಿನ ಸಮೀಪದ ಕೇಂದ್ರದಲ್ಲಿ ಮಾಡಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗೆ ತೋರಿಸುವವರು ಯಾವ ಬಗೆಯ ಚಿತ್ರಗಳು ಬೇಕೆಂದು ಅಲ್ಲಿನ ವೈದ್ಯರಿಂದ ಮೊದಲೇ ಬರೆಸಿಕೊಂಡರೆ ಎರಡೆರಡು ಬಾರಿ ವೆಚ್ಚ ಮಾಡುವುದು ತಪ್ಪುತ್ತದೆ. ಸರ್ಕಾರದ ಆರೋಗ್ಯ ಯೋಜನೆಗಳಿಂದ ಸಿಗಬಹುದಾದ ನೆರವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬೇಕು.

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ವಿಕಿರಣ ಆರಂಭವಾದ ಮತ್ತು ಮುಗಿದ ದಿನಾಂಕ, ಮಾತ್ರೆಗಳ ಹೆಸರು, ಸ್ಟಿರಾಯ್ಡ್‌ನ ಪ್ರಮಾಣ ಯಾವಾಗ ಎಷ್ಟಾಯಿತು, ಮೂರ್ಛೆ ಬಂದ ದಿನಗಳು ಇವನ್ನು ಬರೆದಿಡಬೇಕು. ಮೇಲೆ ಹೇಳಿದ ಗೊಂದಲಗಳಲ್ಲಿ ಅರ್ಧದಷ್ಟನ್ನು ಈ ನೋಟ್‌ಬುಕ್ಕೇ ಬಿಡಿಸಬಲ್ಲದು. ಸ್ಟಿರಾಯ್ಡ್ ಮಾತ್ರೆಯನ್ನಾಗಲಿ ಮೂರ್ಛೆಯ ಮಾತ್ರೆಯನ್ನಾಗಲಿ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಅದು ಪ್ರಾಣಕ್ಕೆ ಅಪಾಯ ತರಬಲ್ಲದು.

ಎಂ.ಆರ್.ಐ. ಕೊಠಡಿಯ ಅಯಸ್ಕಾಂತ ಸದಾ ಜಾಗೃತವಾಗಿರುತ್ತದೆ. ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಸಾಧನ, ಕಣ್ಣಿಗೆ ಸಿಡಿದು ಉಳಿದ ಲೋಹದ ಚೂರು ಇದ್ದರೆ ಮೊದಲೇ ತಿಳಿಸಬೇಕು. ತಾಳಿ, ಬಳೆ, ಉಡದಾರದ ಲೋಹ, ಗಡಿಯಾರ, ಮೊಬೈಲ್ ಎಲ್ಲವೂ ಹೊರಗೇ ಇರಬೇಕು. ಇಷ್ಟಲಿಂಗಧಾರಿಗಳು ಕೊರಳಿನ ಕರಡಿಗೆಯ ವಿಷಯದಲ್ಲಿ ಹಿಂಜರಿಯುವುದು ಸಹಜ. ಆದರೆ ಬೆಳ್ಳಿಯ ಕರಡಿಗೆಯ ಕೀಲು, ತಿರುಪುಗಳಲ್ಲಿ ಬೇರೆ ಲೋಹವಿರಬಹುದು, ಲೋಹ ಯಾವುದಾದರೂ ಚಿತ್ರ ಕೆಡಬಹುದು. ಮುಂಚಿತವಾಗಿ ಸಿಬ್ಬಂದಿಗೆ ತಿಳಿಸಿ, ಅಷ್ಟು ಹೊತ್ತು ಅದನ್ನು ಶುಚಿಯಾದ ವಸ್ತ್ರದಲ್ಲಿಟ್ಟು ಜೊತೆಗಿರುವ ಮನೆಯವರ ಕೈಗೆ ಒಪ್ಪಿಸುವುದು ಉಚಿತ. ಜೀವವನ್ನು ಕಾಯುವ ಪರೀಕ್ಷೆಗಾಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಹೀಗೆ ಮಾಡುವುದರಲ್ಲಿ ನಿಷ್ಠೆಗೆ ಕುಂದಿಲ್ಲ.

ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು, ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿಯಾದವರು ಅದನ್ನು ತಪ್ಪದೆ ಹೇಳಬೇಕು. ಮೂತ್ರಪಿಂಡ ತೀರಾ ಕ್ಷೀಣಿಸಿದವರಲ್ಲಿ ಕೆಲವು ಬಗೆಯ ಗ್ಯಾಡೊಲಿನಿಯಂ ಔಷಧಗಳು ಚರ್ಮ ಗಡುಸಾಗುವ ತೀವ್ರ ಕಾಯಿಲೆಯನ್ನು ತರಬಲ್ಲವು. ಆದುದರಿಂದ ವೈದ್ಯರು ರಕ್ತಪರೀಕ್ಷೆ ನೋಡಿ ಸುರಕ್ಷಿತವಾದುದನ್ನು ಆಯ್ಕೆ ಮಾಡುತ್ತಾರೆ. ಇಕ್ಕಟ್ಟಿನ ಕೊಳವೆಯಲ್ಲಿ ಮಲಗಲು ಅಂಜುವವರಿಗೆ ಮೊದಲೇ ಧೈರ್ಯ ಹೇಳಬೇಕು. ಶಬ್ದ ಜೋರಾಗಿರುತ್ತದೆ, ನೋವಿರುವುದಿಲ್ಲ. ಅಲುಗಾಡದೆ ಮಲಗಿದಷ್ಟೂ ಚಿತ್ರ ನಿಚ್ಚಳ.

ಕಡೆಯದಾಗಿ, ಮುಂದಿನ ಸ್ಕ್ಯಾನಿನ ದಿನ ಬರಲೆಂದು ಕಾಯಬಾರದ ಲಕ್ಷಣಗಳೂ ಇವೆ. ದಿನೇ ದಿನೇ ಹೆಚ್ಚುವ ತಲೆನೋವು ಮತ್ತು ವಾಂತಿ, ಮೇಲಿಂದ ಮೇಲೆ ಮೂರ್ಛೆ, ಎಬ್ಬಿಸಿದರೂ ಏಳದಷ್ಟು ಮಂಪರು, ಹೊಸದಾಗಿ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು ಕಂಡರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಮೆದುಳಿನ ಗಡ್ಡೆಗಳೂ ಗುಣವಾಗುತ್ತವೆ ಎಂಬ ಹುಸಿ ಭರವಸೆಯನ್ನು ನಾವು ಕೊಡಲಾರೆವು. ಕೆಲವರಲ್ಲಿ ಹೆಚ್ಚಾಗಿ ಕಂಡದ್ದು ನಿಜವಾಗಿಯೂ ರೋಗವೇ ಆಗಿರುತ್ತದೆ. ಆಗ ಮರುಶಸ್ತ್ರಚಿಕಿತ್ಸೆಯೋ ಬೇರೆ ಔಷಧವೋ ನೋವು ನಿವಾರಣೆಯ ಆರೈಕೆಯೋ ಯಾವುದು ಹಿತವೆಂದು ರೋಗಿಯ ಇಚ್ಛೆಯನ್ನೂ ಕೇಳಿ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರ ಭಯದಿಂದಲ್ಲ, ಅರಿವಿನಿಂದ ಹುಟ್ಟಬೇಕು. ವರದಿಯ ಒಂದು ಸಾಲನ್ನು ಓದಿ ಕಂಗೆಟ್ಟ ಕುಟುಂಬ ನಿಮ್ಮ ನೆರೆಯಲ್ಲಿದ್ದರೆ ‘ಹಳೆಯ ಸಿ.ಡಿ.ಗಳನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಇದು ನಿಜವಾದ ಬೆಳವಣಿಗೆಯೇ ಎಂದು ಕೇಳಿ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ’ ಎಂದು ಹೇಳಿರಿ. ಸಾಧ್ಯವಾದರೆ ಅವರ ಜೊತೆಗೆ ನೀವೂ ಹೋಗಿರಿ.